ಎಡಗೈ ಬೇಡದ ಪುಟ

ಬೆಳಗಾವಿಯ ಖಾಸಬಾಗದಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವರು ವೈರಿಗೆ ಬೆಸುಗೆ ಹಾಕಲು ಕಾದ ಕಡ್ಡಿಯನ್ನು ರಾಳದ ತುಂಡಿಗೆ ಒತ್ತಿದರು. ಆ ಹೊಗೆಯ ವಾಸನೆಗೆ ನನ್ನ ಸೆಲೋ ಟೀಚರ್ ನೆನಪಾದರು. ಕಮಾನಿಗೆ ಅದೇ ರಾಳ ತಿಕ್ಕುತ್ತಿದ್ದರು. ಸೀರೆಯ ಮಡಿಲ ತುಂಬ ಬಿಳಿ ಪುಡಿ...

ಮೊಣಕಾಲುಗಳ ನಡುವೆ ನಿಲ್ಲಿಸಿ ಬಾರಿಸುವ ಆ ದೊಡ್ಡ ಪಿಟೀಲು ನಮ್ಮ ಕಾನ್ವೆಂಟಿನಲ್ಲಿ ಎರಡೇ ಇದ್ದವು. ಒಂದು ಅವರಿಗೆ, ಒಂದು ನನಗೆ. ಖಾನಾಪುರದ ವಯಸ್ಸಾದ ಸಂಗೀತದ ಮಾಸ್ತರೊಬ್ಬರು ನಮ್ಮಿಬ್ಬರಿಗೆಂದೇ ಜೋಡಿವಾದನ ಬರೆಯುತ್ತಿದ್ದರು. ಯಾವ ಸ್ವರ ಕೈಗೆ ಹತ್ತದಿದ್ದರೂ ಟೀಚರ್ ತಾವಾಗಿ ತಿದ್ದುತ್ತಿರಲಿಲ್ಲ. “ಇದನ್ನ ಬರದಾವ್ರು ಜೀವಂತ ಅದಾರಲ್ಲ, ಅವರನ್ನ ಕೇಳೂಣು,” ಎಂದು ಖಾನಾಪುರದ ರೈಲು ಹತ್ತುತ್ತಿದ್ದರು. ಹೋಗುವುದನ್ನು ಮನೆಯಲ್ಲಿ ಗಂಡನಿಗೆ ಮಾತ್ರ ಹೇಳುತ್ತಿರಲಿಲ್ಲ. ಅವರ ತೋಳಿನ ನೀಲಿ ಗುರುತುಗಳು ನನಗೆ ಕಾಣುತ್ತಿದ್ದವು. ಕೇಳುವುದು ಸಭ್ಯತೆಯಲ್ಲ ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು.

ಕಾರ್ಯಕ್ರಮಕ್ಕೆ ಎರಡು ದಿನವಿದ್ದಾಗ ಅವರ ಗಂಡ ಶಾಲೆಯ ಗೇಟಿಗೆ ಬಂದು, ನಿಮ್ಮ ಟೀಚರ್ ಎಲ್ಲಿ ಎಂದು ನಗುತ್ತಲೇ ಕೇಳಿದರು. “ಖಾನಾಪುರಕ್ಕ ಹೋಗ್ಯಾರ್ರಿ, ಮಾಸ್ತರ ಮನಿಗೆ,” ಅಂದೆ. ಗುಡ್ ಈವನಿಂಗ್ ಅಂಕಲ್ ಎಂದೂ ಸೇರಿಸಿದೆ.

ಮರುದಿನ ಟೀಚರ ತುಟಿ ಒಡೆದಿತ್ತು, ಎಡಗೈಯ ಮೂರು ಬೆರಳಿಗೆ ಪಟ್ಟಿ. ಗಂಡ ಬಾಗಿಲ ಸಂದಿಯಲ್ಲಿ ಕೈ ಹಿಡಿದಿಟ್ಟು ಬಾಗಿಲು ಒದ್ದಿದ್ದನಂತೆ. ಒಂದು ಸಲವಲ್ಲ. ತಂತಿ ಒತ್ತುವ ಬೆರಳುಗಳು... ನಾನು ಹೇಳಿದ್ದರಿಂದಲೇ ಎಂದು ಬಿಕ್ಕಿದೆ.

“ನೀ ಖರೇ ಹೇಳಿದಿ. ಹೊಡದಾಂವ ಅಂವ,” ಅಂದರು.

ಮಾಸ್ತರು ಸುದ್ದಿ ತಿಳಿದು ಬೆಳಗಾವಿಗೆ ಬಂದರು. ಪಟ್ಟಿಯನ್ನು ನೋಡಿ, ಬೆಂಚಿನ ಮೇಲೆ ಕೂತು, ಟೀಚರ ಭಾಗವನ್ನು ಪೂರ್ತಿ ಹೊಡೆದುಹಾಕಿ ಹೊಸ ಪುಟ ಬರೆದರು. ಅದಕ್ಕೆ ಎಡಗೈ ಬೇಡ. ಒತ್ತದೆ ಬಿಟ್ಟ ನಾಲ್ಕು ತಂತಿ, ಬಲಗೈಯ ಕಮಾನು, ಅಷ್ಟೇ. ಮೇಲೆ ‘ಮೆಲ್ಲಗೆ’ ಎಂದು ಬರೆದಿದ್ದರು. ಟೀಚರ್ ಅದರ ಮೇಲೆ ಬೆರಳಿಟ್ಟರು.

“ಇದೊಂದು ತಗೀರಿ, ಸರ್.”

ಮಾಸ್ತರು ಅಳಿಸಿದರು.

ಕಾರ್ಯಕ್ರಮದ ದಿನ ಟೀಚರ್ ಬಾರಿಸಲಿಲ್ಲ, ಬಡಿದರು. ಕಮಾನಿನ ಕೂದಲು ಹರಿದು ಜೋತಾಡಿದವು. ನನ್ನ ರಾಗ ನನಗೇ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಗಂಡ ಅರ್ಧಕ್ಕೇ ಎದ್ದು ಹೋದ.

ಆ ಮಳೆಗಾಲದಲ್ಲಿ, ಟೀಚರ್ ಮನೆಯ ಮೆಟ್ಟಿಲಿಂದ ಬಿದ್ದು ತೀರಿಕೊಂಡರು ಎಂದು ಶಾಲೆಯಲ್ಲಿ ಹೇಳಿದರು. ಅವರ ಮನೆಗೆ ಮೆಟ್ಟಿಲುಗಳೇ ಇರಲಿಲ್ಲ...

ಮಿಕ್ಸರ್ ಹಿಡಿದು ಮನೆಗೆ ಬಂದಾಗ ಬಾಜು ಮನೆಯಾಕೆಯ ಗಂಡ ನಮ್ಮ ಗೇಟಿನಲ್ಲಿ ನಿಂತಿದ್ದ. ಊದಿದ ಕೆನ್ನೆ ಹಿಡಿದುಕೊಂಡು ಅವಳು ಬೆಳಿಗ್ಗೆಯಿಂದ ನನ್ನ ಅಡುಗೆಮನೆಯಲ್ಲಿದ್ದಳು. ನಮ್ಮಾಕಿ ಎಲ್ಲಿ ಅದಾಳ್ರಿ ಎಂದು ನಗುತ್ತ ಕೇಳಿದ.

“ನನಗೇನ ಗೊತ್ತಿಲ್ರಿ,” ಅಂದೆ. ಎಷ್ಟು ಸಲೀಸಾಗಿ ಬಂತು. ಅಂದು ಬರಬೇಕಿತ್ತು.