ಐಸ್ ಫ್ಯಾಕ್ಟರಿಯಲ್ಲಿ ಸುಟ್ಟ ಕೈ

ಕಾಮಾಕ್ಷಿಪಾಳ್ಯದ ಐಸ್ ಫ್ಯಾಕ್ಟರಿಯಲ್ಲಿ ನನ್ನ ಕೈ ಸುಟ್ಟಿತು ಅಂದರೆ ಇವತ್ತಿಗೂ ಜನ ನಗುತ್ತಾರೆ. ಎಪ್ಪತ್ತರ ದಶಕದ ಮಾತು. ನಾನು ಅಲ್ಲಿ ಮೆಕ್ಯಾನಿಕ್. ಕಂಪ್ರೆಸರಿನ ಹಳೇ ವಾಲ್ವ್ ಬಿಚ್ಚುತ್ತಿದ್ದಾಗ ಒಳಗೆ ಉಳಿದಿದ್ದ, ನೀರನ್ನು ಐಸ್ ಮಾಡೋ ಅಮೋನಿಯಾ ಬಲಗೈ ಮೇಲೆ ಚಿಮ್ಮಿತು. ಮೊದಲು ಮಂಜಿನ ಹಾಗೆ ಕೊರೆಯಿತು, ಆಮೇಲೆ ಬೆಂದ ಹಾಗೆ ಬೊಬ್ಬೆ ಎದ್ದಿತು. ಅರ್ಧ ಗಂಟೆ ನಲ್ಲಿ ಕೆಳಗೆ ಕೈಯಿಟ್ಟು ನಿಂತು, ಡಾಕ್ಟರ ಹತ್ತಿರ ಹೋಗೋದಕ್ಕೆ ಚೀಟಿ ಬೇಕೂಂತ ಆಫೀಸಿಗೆ ಹೋದೆ.

ಗುಮಾಸ್ತರು ಅಪಘಾತದ ಪುಸ್ತಕ ತೆಗೆದರು. "ಯಾವುದರಿಂದ ಸುಟ್ಟಿದ್ದು?"

"ಅಮೋನಿಯಾ ಸಾರ್. ತಣ್ಣಗಿರುತ್ತೆ, ಆದ್ರೂ ಸುಡುತ್ತೆ."

"ತಣ್ಣಗಿರೋದು ಸುಡುತ್ತೇನ್ರೀ? ಇದನ್ನ ಓದಿದೋರು ನಾನು ಕುಡಿದು ಬರೆದಿದೀನಿ ಅಂತಾರೆ."

"ಕೈ ನೋಡಿ ಸಾರ್!"

"ನೋಡ್ದೆ ಕಣ್ರೀ. ಸುಟ್ಟಿದೆ. ಅದಕ್ಕೇ ಕೇಳ್ತಾ ಇದೀನಿ, ಬೆಂಕಿನೋ, ಬಿಸಿನೀರೋ? ಟೀ ಚೆಲ್ಲಿತು ಅಂತ ಹಾಕ್ಲಾ? ಎಲ್ಲರಿಗೂ ಅರ್ಥ ಆಗುತ್ತೆ."

ಕೈ ಉರಿ ಒಂದು ಕಡೆ, ಇವರ ಕಾಟ ಒಂದು ಕಡೆ. "ಏನಾದ್ರೂ ಬರ್ಕೊಂಡು ಸಾಯಿರಿ, ಮೊದ್ಲು ಚೀಟಿ ಕೊಡಿ" ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ, ಮುತ್ತಿನಂಥ ಅಕ್ಷರದಲ್ಲಿ 'ಬಿಸಿ ಟೀ' ಎಂದು ಬರೆದರು.

ಮೂರು ವಾರ ಬಿಟ್ಟು, ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದೆ. ಮಾಲೀಕರು ನನ್ನ ಗಾಯವನ್ನು ತುಂಬಾ ಮನಸ್ಸಿಗೆ ಹಚ್ಚಿಕೊಂಡಿದ್ದರಂತೆ. ಕಂಪ್ರೆಸರ್ ರೂಮಿನ ಬಾಗಿಲಿಗೆ ಹೊಸ ಬೋರ್ಡು ಬಿದ್ದಿತ್ತು: 'ಒಳಗೆ ಟೀ ತರಕೂಡದು.'

ಒಳಗೆ ವಾಲ್ವ್ ಮಾತ್ರ ಅದೇ ಹಳೇದು. ಬಿಚ್ಚೋದಕ್ಕೆ ನಾನೇ ಬರಲಿ ಅಂತ ಕಾದಿದ್ದರು.