ಮೀಸೆಯ ಮೇಲಿನ ಪೇಡೆ

ಕಾಲೇಜಿನ ಪ್ರಾಜೆಕ್ಟ್‌ಗಾಗಿ ಸಕ್ಕರೆ ಕಾಯಿಲೆ ಇದ್ದವರನ್ನು ಮಾತಾಡಿಸುತ್ತಿದ್ದೆ. ಕೇಳಿದ್ದಷ್ಟೇ ಅಲ್ಲ, ಕಂಡದ್ದನ್ನೂ ಡೈರಿಯಲ್ಲಿ ಬರೆಯಬೇಕೆಂದು ಗೈಡ್ ಮೇಡಂ ಅಪ್ಪಣೆ.

ವಿಲೆ ಪಾರ್ಲೆಯಲ್ಲಿ ಧಾರವಾಡದ ಅಜ್ಜರೊಬ್ಬರು, “ಸಿಹಿ ಮುಟ್ಟೂದು ಬಿಟ್ಟು ವರ್ಷಾತು, ಬರಕೋ ತಂಗಿ,” ಎಂದರು. ಬರೆದುಕೊಂಡೆ. ಅದರ ಕೆಳಗೆ, ‘ಮೀಸೆಯಲ್ಲಿ ಪೇಡೆಯ ಪುಡಿ ಇದೆ’ ಎಂದೂ ಸೇರಿಸಿದೆ.

ಚಹಾ ತಂದ ಅವರ ಹೆಂಡತಿ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಗಟ್ಟಿಯಾಗಿ ಓದಿಬಿಟ್ಟರು. ಅಜ್ಜ ಗಡಬಡಿಸಿ ಮೀಸೆ ಒರೆಸಿಕೊಂಡರು.

“ಡಬ್ಬಿ ಎಲ್ಲಿ ಮುಚ್ಚಿಟ್ಟೀರಿ?” ಎಂದು ಅಜ್ಜಿ ಗದರಿದರು.

ಅಜ್ಜ ನನ್ನತ್ತ ತಿರುಗಿದರು. “ನನ್ನ ಹೆಸರು ತಗದುಬಿಡು ತಂಗಿ. ನಿನ್ನ ರಿಸರ್ಚೂ ಬ್ಯಾಡ, ಏನೂ ಬ್ಯಾಡ.”

ಚಹಾ ಕೂಡ ಪೂರ್ತಿ ಕುಡಿಯದೆ ಎದ್ದೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ಮೇಲೆ ಬರೆದೆ: ‘ಅಜ್ಜ ಅಧ್ಯಯನದಿಂದ ಹಿಂದೆ ಸರಿದಿದ್ದಾರೆ. ಕಾರಣ, ಕೌಟುಂಬಿಕ.’