ಮಾಮನ ಸೆಟ್ಟು, ನನ್ನ ಮಿರ್ಚಿ

ನನ್ನ ಸೋದರಮಾವನಿಗೆ ಬರುವ ಇಂಗ್ಲಿಷ್ ಒಂದೇ ಪದ: ಸೆಟ್. ಅದೊಂದರಲ್ಲೇ ಕೂಡ್ಲಿಗಿಯಿಂದ ಹಡಗಲಿಯವರೆಗೆ ಕಾರುಬಾರು ನಡೆಸುತ್ತಾನೆ. ಹೊಲದಲ್ಲಿ ಪಂಪ್‌ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ, ಬಾಯಲ್ಲಿ ಹೊಸ ಹಲ್ಲಿನ ಸೆಟ್. ಕೆಟ್ಟ ಬೈಕು ರಿಪೇರಿಯಾದರೂ ಸೆಟ್ಟಾಯಿತು, ಮುನಿಸಿಕೊಂಡ ಬೀಗರು ಮಾತಾಡಿದರೂ ಸೆಟ್ಟಾಯಿತು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅಂಥವನು ಒಂದು ಭಾನುವಾರ ಬೆಳಿಗ್ಗೆಯೇ ಬಂದು, "ಹರಪನಹಳ್ಳಿ ವರ. ನಿಂದು ಸೆಟ್ ಮಾಡೀನಿ. ಮಧ್ಯಾಹ್ನ ನೋಡಾಕ ಬರ್ತಾರ" ಅಂದ.

"ಮಾಮಾ, ಇಂಗ್ಲಿಷಿನಾಗ ಹೊತ್ತು ಮುಳುಗಿದ್ರೂ ಸೆಟ್ ಅಂತಾರ, ಮೊಸರು ಹೆಪ್ಪಾದ್ರೂ ಸೆಟ್ ಅಂತಾರ. ನಂದು ಯಾವುದು?"

"ಏ, ಬಾಯಿ ಮುಚ್ಚಿ ಸೀರಿ ಉಟ್ಕೊ ಹೋಗವ್ವಾ!"

ಸಿಟ್ಟು ನೆತ್ತಿಗೇರಿತು. ಹಿಂದೆ ಬಂದವರೆಲ್ಲ ನನ್ನನ್ನು ನೋಡಿದರು, ಅಳೆದು ಸುರಿದರು, ಹೋದರು. ನಿನಗೆ ಒಪ್ಪಿಗೆಯೇನವ್ವಾ ಎಂದು ಒಬ್ಬರೂ ಕೇಳಲಿಲ್ಲ. ಈ ಸಲವೂ ಕೇಳದಿದ್ದರೆ, ಬಂದವನು ದೇವೇಂದ್ರನೇ ಆಗಿದ್ದರೂ ಒಲ್ಲೆ ಎಂದು ಅವ್ವನಿಗೆ ಹೇಳಿಯೇ ಸೀರೆ ಉಟ್ಟೆ.

ಹೆಣ್ಣು ನೋಡಲು ಬಂದವರ ಮುಂದೆ ನಾವು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಇಡುತ್ತೇವೆ. ನಮ್ಮ ಬಳಗದ ರೂಢಿಯೆಂದರೆ, ಹೆಣ್ಣು ಒಪ್ಪಿಗೆಯಾದರೆ ಮಾತ್ರ ತಟ್ಟೆಗೆ ಕೈ ಹಾಕಬೇಕು. ಇಲ್ಲದಿದ್ದರೆ ನೀರು ಕುಡಿದು ಏಳಬೇಕು.

ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ವರನ ತಾಯಿ ಕೈ ಕಟ್ಟಿಕೊಂಡು ಗಂಭೀರವಾಗಿ ಕೂತಿದ್ದರು. ವರನೋ, ಪಾಪ, ರಶ್ಶಿನ ಬಸ್ಸಿನಲ್ಲಿ ನಿಂತೇ ಬಂದು ಹಸಿದಿದ್ದ. ನಾನು ಹೊರಗೆ ಬರುವ ಮೊದಲೇ ಒಂದು ಮಿರ್ಚಿ ಮುಗಿಸಿ ಇನ್ನೊಂದನ್ನು ಕಚ್ಚಿದ್ದ!

"ಅಯ್ಯ ನಿನ್ನ! ಹುಡುಗೀನ್ನ ಇನ್ನೂ ನೋಡೇ ಇಲ್ಲ, ತಿನ್ನಾಕ ಹತ್ತೀಯಲ್ಲೋ!" ಎಂದು ತಾಯಿ ಅವನ ತೊಡೆ ಚಿವುಟಿದರು.

ಮಾಮ ಚಪ್ಪಾಳೆ ತಟ್ಟಿದ. "ತಿಂದ ಮ್ಯಾಲೆ ಮುಗೀತ್ರೀ ಅಕ್ಕಾರ. ಸೆಟ್!"

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಅವರದು ಮುಗೀತು ಮಾಮಾ. ನಂದು?" ಅಂದೆ. ಅವ್ವ ಹಣೆ ಚಚ್ಚಿಕೊಂಡಳು.

ವರ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. ಖಾರಕ್ಕೆ ಅವನ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ತಟ್ಟೆಯನ್ನು ನನ್ನ ಕಡೆ ಸರಿಸಿ, "ತಪ್ಪಾತ್ರಿ, ಹಸಿವಿನಾಗ ರೂಢಿ ಮರತೆ. ನಿಮಗ ಮನಸ್ಸಿದ್ರ ನೀವೂ ತಿನ್ರಿ. ಇಲ್ಲಾಂದ್ರ ನಾವು ಎದ್ದು ಹೋಗ್ತೀವ್ರಿ, ಬ್ಯಾಸರ ಇಲ್ಲ" ಅಂದ.

ಕೇಳಿದನಲ್ಲ! ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಕುಣಿಯಬೇಕೆನ್ನಿಸಿತು. ಆದರೆ ಅಷ್ಟು ಸಲೀಸಾಗಿ ಒಪ್ಪಿಬಿಟ್ಟರೆ ಹೇಗೆ? ಇಷ್ಟು ದಿನ ನಾನು ಕಾದಿದ್ದೆ, ಇವರೂ ಸ್ವಲ್ಪ ಕಾಯಲಿ ಎಂದು ತಟ್ಟೆಯ ಮುಂದೆ ನಿಧಾನವಾಗಿ ಕೂತೆ.

"ಅವ್ವಾ, ಒಂದು ಗ್ಲಾಸ್ ನೀರು ಕೊಡು" ಅಂದೆ.

ಮಾಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ವರ ಏಳಲು ಚಪ್ಪಲಿ ಕಡೆ ನೋಡಿದ. ನಾನು ನೀರನ್ನು ಅವನ ಕೈಗೆ ಕೊಟ್ಟು, ಅವನು ಕಚ್ಚಿ ಬಿಟ್ಟಿದ್ದ ಮಿರ್ಚಿಯನ್ನೇ ಎತ್ತಿ ಬಾಯಿಗೆ ಹಾಕಿಕೊಂಡೆ.